ಎಲೆಯ ಕೆಳಗಿನ ಬಣ್ಣ

ಆ ಎಲೆ ನೇರಳೆ ಬಣ್ಣದ್ದು ಎಂದು ನಾನು ಹೇಳುತ್ತೇನೆ. ಅಲ್ಲ, ಒಣಗಿದ ರಕ್ತದ ಹಾಗೆ ಕಂದುಗೆಂಪು ಎಂದು ನನ್ನ ಗಂಡ ಹೇಳುತ್ತಾರೆ. ಒಂದೇ ಹಿತ್ತಲಲ್ಲಿ, ಒಂದೇ ಬಚ್ಚಲ ಮುಂದೆ ನಿಂತು ಹಲ್ಲುಜ್ಜುತ್ತ ವರ್ಷಗಟ್ಟಲೆ ಅದನ್ನು ನೋಡಿದವರು ನಾವು. ತೀರ್ಪು ಕೊಡಲು ಒಂದು ಫೋಟೊ ಇದೆ. ನನ್ನ ನಾದಿನಿಯ ಮದುವೆಯ ಅರಿಶಿನದ ದಿನ ತೆಗೆದದ್ದು. ಮಣೆಯ ಮೇಲೆ ಕೂತ ಅವಳ ಕಾಲ ಹತ್ತಿರ ಆ ಗಿಡ ಕಾಣುತ್ತದೆ. ಆದರೆ ಇಷ್ಟು ವರ್ಷಗಳಲ್ಲಿ ಫೋಟೊವೇ ಕೆಂಪಿಗೆ ತಿರುಗಿದೆ. ಗೋಡೆ ಕೆಂಪು, ಅರಿಶಿನ ಕೆಂಪು, ಅವಳ ಹಲ್ಲು ಕೂಡ ತುಸು ಕೆಂಪು.

ಒಂದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ. ಎಲೆಯನ್ನು ಮಗುಚಿದರೆ ಅದರ ಕೆಳಮೈ ಮೇಲಿನದಕ್ಕಿಂತ ಗಾಢವಾಗಿತ್ತು. ಬಾಯಲ್ಲಿಟ್ಟರೆ ನಾಲಿಗೆಗೆ ಬಣ್ಣ ಹತ್ತಬಹುದು ಎನ್ನಿಸುವಷ್ಟು.

ನಾನು ಬನಹಟ್ಟಿಯ ಮಗ್ಗದ ಮನೆಯವಳು. ಬೀಳಗಿ ತಾಲೂಕಿನಲ್ಲಿ, ಕೃಷ್ಣೆಯ ದಂಡೆಯ ಒಂದು ಊರಿಗೆ ಸೊಸೆಯಾಗಿ ಹೋದೆ. ಹೋದ ಹೊಸದರಲ್ಲಿ ನಾದಿನಿ ನನ್ನ ಕೈ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದಳು. ದೊಡ್ಡ ಬೇವಿನ ಮರ, ಅದರ ಕೆಳಗೆ ಬಚ್ಚಲ ನೀರು ಹರಿದು ಯಾವಾಗಲೂ ತಂಪಾಗಿರುವ ಮಣ್ಣು. ಅಲ್ಲಿ ನೆಲಕ್ಕೆ ಅಂಟಿದಂತೆ ಅಗಲ ಅಗಲ ಎಲೆಗಳ ಒಂದು ಪೊದೆ.

"ವೈನಿ, ನೀವು ಮಗ್ಗದ ಮನಿಯವರಲ್ಲ? ಹಿಂತಾ ಬಣ್ಣ ನೇಯ್ತೀರೇನು ಹೇಳ್ರಿ" ಎಂದು ಎಲೆಯನ್ನು ಮಗುಚಿದಳು.

"ಇಲ್ಲವಾ. ಇದು ಎಲ್ಲೀದು?"

"ಊಟೀದು. ಕಾಲೇಜಿನವರು ಟ್ರಿಪ್ ಒಯ್ದಿದ್ರು. ಎಲ್ಲಾರೂ ಚಾಕಲೇಟ್ ತಂದ್ರು, ನಾ ಇದನ್ನ ತಂದೆ. ಬರುವಾಗ ಬಸ್ಸಿನ್ಯಾಗ ತೊಡಿ ಮ್ಯಾಲ ಇಟ್ಕೊಂಡು ಕುಂತಿದ್ದೆ, ಕೂಸಿನಂಗ."

ಹೆಸರು ಅವಳಿಗೂ ಗೊತ್ತಿರಲಿಲ್ಲ. ಊರವರು ಅದನ್ನು ಊಟಿ ಗಿಡ ಅಂದರು. ಈಚೆಗೆ ಮೊಬೈಲಿನಲ್ಲಿ ಏನನ್ನೋ ಹುಡುಕುವಾಗ ಕೋರಲ್ ಬೆಲ್ಸ್ ಎಂಬ ಗಿಡದ ಚಿತ್ರ ಬಂತು. ಚಳಿ ದೇಶದ, ನೆರಳಿನಲ್ಲಿ ಬೆಳೆಯುವ ಗಿಡ. ನೇರಳೆ ಎಲೆ, ದಾರದಂಥ ಕಡ್ಡಿಗೆ ಅಕ್ಕಿಕಾಳಿನಷ್ಟು ಗಂಟೆಗಳಂಥ ಹೂವು. ಇದೇ ಅದು ಎಂದುಕೊಂಡೆ. ಆಮೇಲೆ ಯೋಚಿಸಿದೆ: ನಮ್ಮ ಹಿತ್ತಲಲ್ಲಿ ಅಂಥ ಹೂವನ್ನು ನಾನು ನೋಡಿದ್ದೆನೇ? ಚಳಿಗಾಲದ ಬೆಳಗಿನಲ್ಲಿ ತೆಳ್ಳಗಿನ ಕಡ್ಡಿಯೊಂದು ಅಲ್ಲಾಡಿದ ನೆನಪಿದೆ. ಆ ನೆನಪು ಹಿತ್ತಲದ್ದೋ ಮೊಬೈಲಿನದ್ದೋ ಈಗ ಹೇಳಲಾರೆ. ನಮ್ಮ ಬೀಳಗಿಯ ಬಿಸಿಲಿನಲ್ಲಿ ಅದು ಬದುಕುವ ಗಿಡವೂ ಅಲ್ಲವಂತೆ. ನಮ್ಮದು ಬದುಕಿತ್ತು. ಬೇವು ಇರುವ ತನಕ.

ಊರಿನ ಹೆಂಗಸರು ಬೇಡಿ ಬೇಡಿ ಅದರ ತುಂಡು ಒಯ್ದರು. ಎಲ್ಲರೂ ಮನೆಯ ಮುಂದೆ, ಹೋಗುವವರು ಬರುವವರಿಗೆ ಕಾಣಲಿ ಎಂದು ಬಿಸಿಲಲ್ಲಿ ಹಚ್ಚಿದರು. ಒಂದೂ ಉಳಿಯಲಿಲ್ಲ. ಹಾಗಾಗಿ ಊರಿಗೆಲ್ಲ ನಮ್ಮ ಹಿತ್ತಲಲ್ಲಿ ಮಾತ್ರ ಅದು ಇತ್ತು. ಪಕ್ಕದ ಮನೆಯ ಅಜ್ಜಿ ಗೋಡೆಯ ಆಚೆಯಿಂದ ನನ್ನ ಅತ್ತೆಯನ್ನು ಕೆಣಕುತ್ತಿದ್ದಳು.

"ದೇವರಿಗೆ ಏರಸಾಕ ಹೂವಿಲ್ಲ, ಬಾಯಾಗ ಹಾಕ್ಕೊಳಾಕ ಹಣ್ಣಿಲ್ಲ. ಎಮ್ಮಿ ಸೈತ ಮೂಸೂದಿಲ್ಲ. ಇದನ್ನ್ಯಾಕ ಸಾಕೀಯ ಬೇ?"

"ನಿನ್ನ ಗಂಡನ್ನ ನೀ ಸಾಕಿಲ್ಲೇನು, ಹಂಗ" ಎಂದು ಅತ್ತೆ ಪಾತ್ರೆ ತಿಕ್ಕುತ್ತಲೇ ಉತ್ತರ ಕೊಟ್ಟಿದ್ದರು. ಅಜ್ಜಿ ನಕ್ಕ ನಗೆಗೆ ಅವಳ ಎಲೆಅಡಿಕೆ ಗೋಡೆಯ ಈಚೆ ಬಂದು ಬಿದ್ದಿತ್ತು.

ನಾದಿನಿಯನ್ನು ಮುಧೋಳಕ್ಕೆ ಕೊಟ್ಟರು. ಮದುವೆಯ ಮರುವರ್ಷ ಪಂಚಮಿಗೆ ತವರಿಗೆ ಬಂದವಳಿಗೆ ಜ್ವರ ಹತ್ತಿತು. ಕಣ್ಣು ಹಳದಿಯಾದವು. ಅವಳು ತಿರುಗಿ ಹೋಗಲಿಲ್ಲ. ಇದರ ಬಗ್ಗೆ ನಾನು ಹಲವು ಸಲ ಬರೆಯಲು ಕೂತಿದ್ದೇನೆ. ಬರೆದಾಗಲೆಲ್ಲ ಜೋಕಾಲಿ, ಮಳೆ, ಅಳ್ಳಿಟ್ಟಿನ ಉಂಡೆ ತಾವಾಗಿ ಬಂದು ಕೂಡುತ್ತವೆ, ಸಾವು ಚಿತ್ರದ ಹಾಗೆ ಕಾಣತೊಡಗುತ್ತದೆ. ಅದು ಹಾಗಿರಲಿಲ್ಲ. ವಾಂತಿಯ ವಾಸನೆ ಇತ್ತು, ಬಾಡಿಗೆ ಜೀಪು ಬರಲಿಲ್ಲ, ಅಷ್ಟೆ.

ನಮ್ಮಲ್ಲಿ ಸುಡುವುದಿಲ್ಲ, ಕೂಡಿಸಿ ಮಣ್ಣು ಕೊಡುತ್ತೇವೆ. ಮುಧೋಳದವರು ಒಪ್ಪಿದರು; ಅವಳನ್ನು ನಮ್ಮ ಹೊಲದಲ್ಲೇ, ನದಿಯ ಕಡೆಯ ಬದುವಿನ ಹತ್ತಿರ ಇಟ್ಟೆವು. ಮೇಲೆ ಕಲ್ಲು ಜೋಡಿಸಿದರು.

ಆ ಮೇಲೆ ಗಿಡ ಅತ್ತೆಯದಾಯಿತು. ಮಗಳ ಮಾತನ್ನು ಹೆಚ್ಚು ಎತ್ತುತ್ತಿರಲಿಲ್ಲ, ಗಿಡದ ಮಾತು ಎತ್ತುತ್ತಿದ್ದರು. ವರ್ಷ ಕಳೆದಂತೆ ಅದು ಮಣ್ಣಿನಿಂದ ಮೇಲೇಳುತ್ತಿತ್ತು, ಎಲೆಗಳ ಕೆಳಗೆ ಕಟ್ಟಿಗೆಯಂಥ ಬೋಳು ಕುತ್ತಿಗೆ ಕಾಣುತ್ತಿತ್ತು. ಮಳೆಗಾಲದ ಮೊದಲಿಗೆ ಅದನ್ನು ಕಿತ್ತು, ಬುಡ ಬಿಡಿಸಿ, ಕುತ್ತಿಗೆಯ ತನಕ ಮತ್ತೆ ಹೂಳಬೇಕು. ಎಲೆಯ ನಡುವೆ ನೀರು ನಿಲ್ಲಬಾರದು. ಇದನ್ನೆಲ್ಲ ಯಾರು ಹೇಳಿಕೊಟ್ಟರೋ. ಬುಡ ಬಿಡಿಸಿದ ಪ್ರತಿಯೊಂದು ತುಂಡನ್ನೂ ಬೇವಿನ ಸುತ್ತ ಹಚ್ಚುತ್ತ ಹೋದರು. ಮರದ ಕೆಳಗೆ ಕಂಬಳಿ ಹಾಸಿದ ಹಾಗಾಯಿತು. ಈಗ ಯಾರು ಬೇಡಿದರೂ ತುಂಡು ಕೊಡುತ್ತಿರಲಿಲ್ಲ. "ಬಿಸಲಿಗೆ ಹಚ್ಚಿ ಕೊಲ್ತೀರಿ" ಎನ್ನುತ್ತಿದ್ದರು. ಆ ಮಾತನ್ನು ತಮಾಷೆ ಎಂದು ತಿಳಿದವರು ನಕ್ಕು ಹೋದರು.

ಮುಳುಗಡೆ ಎಂಬ ಮಾತು ನಾನು ಸೊಸೆಯಾಗಿ ಬರುವ ಮುಂಚಿನಿಂದ ಊರಲ್ಲಿತ್ತು. ಆಲಮಟ್ಟಿಯಲ್ಲಿ ಅಣೆಕಟ್ಟು ಏಳುತ್ತಿದ್ದಷ್ಟೂ ಕಾಲ ನಮಗೆ ಅದು ದೂರದ ಸುದ್ದಿ. ಒಂದು ದಿನ ಪರಿಹಾರಕ್ಕೆ ಮನೆ, ಮರ ಎಣಿಸುವವರು ಬಂದರು. ಗೋಡೆ ಅಳೆದರು, ಬಾಗಿಲು ಕಿಡಕಿ ಬರೆದುಕೊಂಡರು, ಬೇವಿನ ಕಾಂಡಕ್ಕೆ ಬಿಳಿ ಬಣ್ಣದಲ್ಲಿ ಅಂಕಿ ಹೊಡೆದರು. ಒಬ್ಬನ ಚಪ್ಪಲಿ ಎಲೆಗಳ ಮೇಲೆ ಇತ್ತು.

"ತಮ್ಮಾ, ಕಾಲ ತಗಿ" ಎಂದರು ಅತ್ತೆ.

ಅವನು ಕಾಲು ತೆಗೆದ. "ಇವನ್ನ ಬರಕೊಳ್ಳಾಕ ಬರೂದಿಲ್ಲರಿ ಅಮ್ಮಾರ, ಗಿಡಾ ಅಂದ್ರ ಮರಾನ" ಎಂದ.

"ನಾ ಬರ್ಕೋ ಅಂದ್ನೇನು? ಕಾಲ ತಗಿ ಅಂದೆ."

ಒಂದು ಮಳೆಗಾಲ ಹಿನ್ನೀರು ಹೊಲಕ್ಕೆ ಬಂತು. ಅಬ್ಬರವಿಲ್ಲ, ಅಲೆಯಿಲ್ಲ, ಬೆಳಗ್ಗೆ ಹೋದಾಗ ಬದುವಿನ ಈಚೆ ನೀರು ನಿಂತಿತ್ತು, ಯಾರೋ ಕೊಡ ಚೆಲ್ಲಿದ ಹಾಗೆ. ವಾರದೊಳಗೆ ನಾದಿನಿಯ ಕಲ್ಲುಗಳು ಕಾಣದಾದವು. ಅತ್ತೆ ನೀರಿನ ಅಂಚಿನಲ್ಲಿ ನಿಂತು ಬಹಳ ಹೊತ್ತು ನೋಡಿದರು. ಮನೆಗೆ ಬಂದು ನೇರ ಹಿತ್ತಲಿಗೆ ಹೋದರು. ಅವರು ನನಗೆ ಹೇಳಿದ ಮಾತು ಇಷ್ಟೇ: "ಅಕೀನ್ನ ಎತ್ತಿಕೊಂಡ್ ಹೋಗಾಕ ಆಗೂದಿಲ್ಲ. ಇದನ್ನರ ಎತ್ತಿಕೊಂಡ್ ಹೋಗೂಣು."

ನನ್ನ ಮಾವ ಮಾತು ಕಡಿಮೆಯ ಮನುಷ್ಯ. ಎಲ್ಲವನ್ನೂ ಒಂದು ವರ್ಷ ಮುಂಚೆಯೇ ಯೋಚಿಸುವವರು. ಬಿತ್ತನೆಯ ಬೀಜವನ್ನು ಅವರಷ್ಟು ಜೋಪಾನವಾಗಿ ತೆಗೆದಿಡುವವರು ಊರಲ್ಲಿ ಇರಲಿಲ್ಲ. ಸರ್ಕಾರದವರು ದಿನ್ನೆಯ ಮೇಲೆ ನಮಗೆ ಪ್ಲಾಟು ಕೊಟ್ಟಿದ್ದರು. ಎಲ್ಲರೂ ಹಳೆಯ ಮನೆಯ ತೊಲೆ, ಹಾಸುಗಲ್ಲು, ಕಿಡಕಿ ಕಿತ್ತು ಒಯ್ಯುತ್ತಿದ್ದರು. ಹೊಸ ಮನೆಗೆ ಹಳೆಯ ಮನೆಯದೇನಾದರೂ ಇರಲೇಬೇಕು ಎಂಬುದು ಎಲ್ಲರ ಹಟ. ಮಾವನಿಗೆ ಹೊಸ ಮನೆಯ ಹೊಸ್ತಿಲು, ಚೌಕಟ್ಟು ಹಿತ್ತಲ ಬೇವಿನದೇ ಆಗಬೇಕಿತ್ತು. ಹಸಿ ಮರ ಚೌಕಟ್ಟಿಗೆ ಬರುವುದಿಲ್ಲ, ಒಂದು ಬೇಸಿಗೆ ಒಣಗಬೇಕು, ಇಲ್ಲವಾದರೆ ಸೊಟ್ಟಗಾಗುತ್ತದೆ. ಆದ್ದರಿಂದ ಚಳಿ ಇರುವಾಗಲೇ ಕಡಿಯಬೇಕು. ಅವರ ಲೆಕ್ಕದಲ್ಲಿ ಒಂದು ತಪ್ಪೂ ಇರಲಿಲ್ಲ. ಮರದ ಬಗ್ಗೆ ಎಲ್ಲ ಯೋಚಿಸಿದ್ದರು, ಅದರ ನೆರಳಿನ ಬಗ್ಗೆ ಯೋಚಿಸಿರಲಿಲ್ಲ.

ಅತ್ತೆ ಮಹಾಲಿಂಗಪುರಕ್ಕೆ ತಮ್ಮನ ಮೊಮ್ಮಗುವಿನ ತೊಟ್ಟಿಲ ಶಾಸ್ತ್ರಕ್ಕೆ ಹೋಗಿದ್ದಾಗ ಮರ ಬಿತ್ತು. ಮಾವ ಬೇಕೆಂದೇ ಆ ದಿನ ಆರಿಸಿಕೊಂಡರೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತು ಎಂದು ಬರೆದರೆ ಕತೆ ಗಟ್ಟಿಯಾಗುತ್ತದೆ. ನನ್ನ ಗಂಡನ ಪ್ರಕಾರ ಗರಗಸದವರು ಸಿಕ್ಕಿದ್ದೇ ಆ ದಿನ.

ಅತ್ತೆ ತೊಟ್ಟಿಲ ಸಕ್ಕರೆಯ ಪೊಟ್ಟಣ ಹಿಡಿದುಕೊಂಡೇ ಹಿತ್ತಲಿಗೆ ಬಂದರು. ಅಲ್ಲಿ ಅಷ್ಟು ಬೆಳಕು ನಾವು ಯಾರೂ ನೋಡಿರಲಿಲ್ಲ. ಬಚ್ಚಲ ಗೋಡೆಯ ಪ್ರತಿ ಬಿರುಕೂ ಕಾಣುತ್ತಿತ್ತು. ಎಲೆಗಳು ಅಲ್ಲೇ ಇದ್ದವು, ಬರಿಮೈಯಾಗಿ.

"ಹೊಸ್ತಿಲಿಗೆ" ಎಂದರು ಮಾವ, ಮಲಗಿದ ಮರದ ಮೇಲೆ ಕೈಯಿಟ್ಟು. "ಒಣಗಬೇಕಲ್ಲ, ಅದಕ್ಕ."

ಅತ್ತೆ ಬೈದಿದ್ದರೆ ಮಾವ ಉಳಿದುಕೊಳ್ಳುತ್ತಿದ್ದರು. ಪೊಟ್ಟಣ ನನ್ನ ಕೈಗೆ ಕೊಟ್ಟು, ಕೂತು, ಎಲೆಗಳ ಮೇಲೆ ಬಿದ್ದ ಗರಗಸದ ಹೊಟ್ಟನ್ನು ಒಂದೊಂದಾಗಿ ಊದಿದರು.

"ನೆಳ್ಳ ಹೋತರಿ" ಎಂದರು ಕೊನೆಗೆ, ಅವರತ್ತ ನೋಡದೆ.

ಮಾವ ಆಗ ನೆಲ ನೋಡಿದರು. ಅವರ ಮುಖ ಹೇಗಾಯಿತು ಎಂಬುದನ್ನು ನಾನು ಮರೆತಿಲ್ಲ, ಆದರೆ ಅದನ್ನು ಬರೆಯಲಾರೆ.

ಆ ಬೇಸಿಗೆ ಎಲೆಗಳ ಅಂಚು ಮೊದಲು ಸುಟ್ಟಿತು, ಆಮೇಲೆ ನಡು. ಅತ್ತೆ ಗೋಣಿಚೀಲ ಹೊದೆಸಿದರು. ಅದರ ಕೆಳಗೆ ಗಿಡ ಬೆಂದಿತು. ಕೆಲವನ್ನು ಒಳಗೆ ನೀರಿನ ಹರವಿಯ ಪಕ್ಕ ಇಟ್ಟರು, ಕತ್ತಲೆಗೆ ಬಿಳಿಚಿದವು. ಕೊನೆಗೆ ನಾನು ಬನಹಟ್ಟಿಗೆ ಹೋಗಿ ನಮ್ಮ ಅಣ್ಣನ ಮಗ್ಗದಲ್ಲಿ ನೇಯ್ಗೆ ಕೆಟ್ಟು ಮಾರಾಟಕ್ಕೆ ಬಾರದ ಸೀರೆಗಳನ್ನು ಕೇಳಿದೆ. ಮಗ್ಗಗಳ ಸದ್ದಿನ ನಡುವೆ ಅಣ್ಣ ಕೂಗಿ ಕೇಳಿದ: "ಸೀರಿ ಯಾರಿಗೆ, ನಿಮ್ಮತ್ತಿಗೇನು?"

"ಗಿಡಕ್ಕ."

"ಏನಂದಿ?"

"ಗಿಡಕ್ಕೋ ಅಣ್ಣಾ! ನೆಳ್ಳ ಮಾಡಾಕ!"

"ಛಲೋ ಆತು ಬಿಡು. ನಿನಗ ಕೊಟ್ಟ ಸೀರಿ ನೀ ಉಡೂದಿಲ್ಲ, ಗಿಡಾರ ಉಡಲಿ" ಎಂದು ಒಂದು ಗಂಟು ಕಟ್ಟಿಕೊಟ್ಟ.

ಮಳೆಗಾಲಕ್ಕೆ ಮುಂಚೆ ಊರು ಬಿಟ್ಟೆವು. ಉಳಿದ ಗಿಡಗಳನ್ನು ಅತ್ತೆ ಬುಟ್ಟಿಯಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಟ್ರ್ಯಾಕ್ಟರಿನ ಹಿಂದೆ ಕೂತರು. ದಿನ್ನೆಯ ಮೇಲಿನ ಹೊಸ ಊರಿನಲ್ಲಿ ಸಾಲುಸಾಲು ಪ್ಲಾಟು, ಕೆಂಪು ಗರಸು ನೆಲ, ಕರೆಂಟಿನ ಕಂಬ. ಕಣ್ಣು ಹಾಯುವ ತನಕ ಒಂದು ಮರವಿಲ್ಲ. ಕಂಬದ ನೆರಳಿನಲ್ಲಿ ನಾಯಿಯೊಂದು ಉದ್ದಕ್ಕೆ ಮಲಗಿತ್ತು, ಕಂಬದಷ್ಟೇ ಅಗಲವಾಗಿ. ಹಿತ್ತಲಲ್ಲಿ ನಾಲ್ಕು ಗಳ ಹುಗಿದು ಸೀರೆ ಬಿಗಿದೆವು. ಗುಲಾಬಿ, ಹಸಿರು, ಗಾಢ ಕೆಂಪು. ಹೋಗುವವರು ನಿಂತು ಕೇಳುತ್ತಿದ್ದರು: "ಹಂದರ ಹಾಕೀರಿ, ಯಾರ ಲಗ್ನರಿ?"

ಅತ್ತೆ ನಗುತ್ತಿರಲಿಲ್ಲ. "ಲಗ್ನ ಆಗಿ ಹೋತು" ಎನ್ನುತ್ತಿದ್ದರು.

ಆ ಮಳೆಗಾಲ ಹಿನ್ನೀರು ನಮ್ಮ ಹಳೆಯ ಹಿತ್ತಲಿಗೆ ಬರಲೇ ಇಲ್ಲ. ಓಣಿಯ ಕೆಳಗೇ ನಿಂತುಬಿಟ್ಟಿತು. ಬೇವಿನ ಬೊಡ್ಡೆ ಒಣ ನೆಲದಲ್ಲಿ ಇದೆ ಎಂದು ನೋಡಿ ಬಂದವರು ಹೇಳಿದರು. ಮಾವ ಆ ಮಾತು ಬಂದಾಗ ಎದ್ದು ಹೋದರು. ಹೊಸ ಮನೆಗೆ ಬೇವಿನ ಚೌಕಟ್ಟು ಕೂತಿತ್ತು, ನೂಲು ಹಿಡಿದ ಹಾಗೆ ನೇರ. ಅದರ ಕೆಳಗೆ ಹಾಯಲು ಅವರಿಗೆ ಆಗುತ್ತಿರಲಿಲ್ಲ ಎಂದು ನನ್ನ ಅನಿಸಿಕೆ. ಹಿತ್ತಲ ಬಾಗಿಲಿನಿಂದಲೇ ಓಡಾಡುತ್ತಿದ್ದರು. ಚಪ್ಪಲಿ ಅಲ್ಲಿರುತ್ತಿದ್ದವು, ಅದಕ್ಕೂ ಇರಬಹುದು.

ಸೀರೆಯ ಹಂದರದ ಕೆಳಗೆ ನನ್ನ ಕಣ್ಣು ನನ್ನ ಮಾತು ಕೇಳುವುದು ಬಿಟ್ಟಿತು. ಕೆಂಪು ಸೀರೆಯಡಿ ಎಲ್ಲ ಎಲೆಯೂ ನೇರಳೆ. ಹಸಿರು ಸೀರೆಯಡಿ ಎಲ್ಲವೂ ಕಪ್ಪು. ಮಳೆ ಬಂದರೆ ಬಣ್ಣ ಬಿಟ್ಟು ಗುಲಾಬಿ ನೀರು ಗಿಡದ ನೆತ್ತಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಎಲೆಯ ನಡುವೆ ನೀರು ನಿಲ್ಲಬಾರದು, ನಿಂತಿತು. ಒಂದೊಂದಾಗಿ ಕೊಳೆತವು. ನನ್ನ ಗಂಡನಿಗೆ ಆ ಕಂದುಗೆಂಪು ಎಲ್ಲಿಂದ ಬಂತೆಂದು ನನಗೆ ಈಗ ಹೊಳೆಯುತ್ತದೆ. ಅವರ ನೆನಪಿನಲ್ಲಿರುವುದು ಆ ಮಳೆಗಾಲದ ಎಲೆ. ನನ್ನ ನೇರಳೆ ಆ ಕೆಂಪು ಸೀರೆಯಡಿಯದೇ ಇರಬಹುದು, ಯಾರು ಬಲ್ಲರು.

ಕೊನೆಗೆ ಒಂದೇ ಬುಡ ಉಳಿಯಿತು, ಅದಕ್ಕೆ ಎರಡೋ ಮೂರೋ ಎಲೆ. ಅತ್ತೆ ಅದರ ಸುತ್ತ ಸಣ್ಣ ಹರಳುಗಲ್ಲು ಹಾಕಿ ನೀರು ಇಳಿಯುವಂತೆ ಮಾಡಿದರು. ಬೆಳಗ್ಗೆ ಎದ್ದವರು ಮುಖ ತೊಳೆಯುವ ಮುಂಚೆ ಅದರ ಹತ್ತಿರ ಹೋಗುತ್ತಿದ್ದರು.

ಆ ಎಲೆಗಳೂ ಬಾಡಿದ ಮೇಲೆ ಮಾವ ಕಣ್ಣು ತೋರಿಸಿಕೊಂಡು ಬರುತ್ತೇನೆ ಎಂದು ಜಮಖಂಡಿಗೆ ಹೋದರು. ಕಣ್ಣಿನ ಡಾಕ್ಟರ ಹತ್ತಿರ ಹೋದವರು ತಿರುಗಿ ಬಂದಾಗ ಧೋತರಕ್ಕೆ ಒದ್ದೆ ಮಣ್ಣು ಹತ್ತಿತ್ತು. ಅಂಗಿಯೊಳಗೆ ಏನನ್ನೋ ಅವಚಿಕೊಂಡಿದ್ದರು. ನಾನು ಕಸೂತಿ ಹಾಕುತ್ತಿದ್ದವಳು ತಲೆ ಎತ್ತಿ, ಮತ್ತೆ ತಗ್ಗಿಸಿದೆ. ಮರುದಿನ ಹಂದರದ ಕೆಳಗೆ ಅದೇ ಜಾಗದಲ್ಲಿ, ಅದೇ ಹರಳುಗಳ ನಡುವೆ ಕಡು ನೇರಳೆ ಚಿಗುರು ನಿಂತಿತ್ತು. ಎಲೆ ಅಗಲವಿರಲಿಲ್ಲ, ಉದ್ದುದ್ದ ಇತ್ತು. ಕುರುಡರಿಗೂ ಗೊತ್ತಾಗುವಂತಿತ್ತು.

ಅತ್ತೆ ಬಂದರು, ಕೂತರು, ನೋಡಿದರು. ಒಂದು ಎಲೆಯ ಕೆಳಗೆ ಬೆರಳಿಟ್ಟು ಮಗುಚಿದರು. ಮಾವ ಎಮ್ಮೆಯ ಮೈ ತಿಕ್ಕುತ್ತಿದ್ದವರು ಕೈ ನಿಲ್ಲಿಸಿದ್ದರು.

"ಚಿಗತೈತೇನು?" ಎಂದರು, ಎಮ್ಮೆಯನ್ನೇ ಕೇಳಿದ ಹಾಗೆ.

"ಚಿಗತೈತರಿ" ಎಂದರು ಅತ್ತೆ. "ಛಲೋ ಚಿಗತೈತಿ."

ಚಳಿಗಾಲ ಪೂರ್ತಿ ಅದಕ್ಕೆ ನೀರು ಹಾಕಿದರು. ಮಾವ ಸ್ವಲ್ಪ ಸ್ವಲ್ಪ ಮಾತಾಡತೊಡಗಿದರು. ಮುಂಬಾಗಿಲಿನಿಂದ ಒಳಗೆ ಬಂದದ್ದನ್ನೂ ಒಮ್ಮೆ ನೋಡಿದೆ. ನಾನು ಅತ್ತೆ ಮೋಸ ಹೋದರು ಎಂದು ತಿಳಿದಿದ್ದೆ, ಮೋಸ ಹೋಗಲಿ ಎಂದೂ ಅಂದುಕೊಂಡಿದ್ದೆ. ಆದರೆ ಆ ಹೊಸ ಗಿಡ ನೆರಳಲ್ಲಿ ಸೊರಗಿತು. ಉದ್ದಕ್ಕೆ ಎಳೆದುಕೊಂಡು, ಬಣ್ಣ ಬಿಟ್ಟು ಹಸಿರಾಗಿ, ಹಂದರದ ಅಂಚಿನತ್ತ ತೆವಳಿತು.

ಬಿಸಿಲು ಬಲಿಯತೊಡಗಿದ ಒಂದು ಮಧ್ಯಾಹ್ನ ಅತ್ತೆ ಗಳಗಳಿಗೆ ಕಟ್ಟಿದ ಗಂಟು ಬಿಚ್ಚುತ್ತಿದ್ದರು. ಮಾವ ಓಡಿ ಬಂದರು.

"ಏನ ಮಾಡಾಕತ್ತೀಯ? ಸುಟ್ಟು ಹೋಗ್ತೈತಿ!"

"ಸುಡೂದಿಲ್ಲರಿ. ಇದು ಬಿಸಲಿನ ಗಿಡಾ. ನೆಳ್ಳಿನ್ಯಾಗ ಇದನ್ನ ಕೊಲ್ಲಾಕತ್ತೇವಿ."

ಮಾವನ ಕೈ ಗಾಳಿಯಲ್ಲೇ ನಿಂತಿತು. ಸೀರೆ ಕೆಳಗೆ ಬಿತ್ತು, ಬಿಸಿಲು ಬಂತು.

"ಯಾವಾಗ ಗೊತ್ತಾತು ನಿನಗ?"

"ಎಲಿ ಹೊಳ್ಳಿಸಿದಾಗ."

"ಮತ್ತ ಇಷ್ಟ ದಿನಾ ನೀರ ಯಾಕ ಹಾಕಿದಿ?"

"ನೀವು ತಂದಿದ್ದಿರಲ್ಲರಿ" ಎಂದು ಅತ್ತೆ ಸೀರೆ ಮಡಿಚತೊಡಗಿದರು.

ಆಮೇಲೆ ಒಳಗೆ ಹೋಗಿ ಗೋಡೆಯ ಗೂಡಿನಿಂದ ಒಂದು ಅರಿವೆಯ ಗಂಟು ತಂದರು. ಅದರಲ್ಲಿ ಹಳೆಯ ಗಿಡದ ಕೊನೆಯ ಬುಡವಿತ್ತು, ಒಣಗಿ ಕಟ್ಟಿಗೆಯಾಗಿತ್ತು. ಮಾವ ಕಿತ್ತು ತಿಪ್ಪೆಗೆ ಎಸೆದಿದ್ದನ್ನು ಅಂದೇ ಆರಿಸಿಕೊಂಡು ಬಂದಿದ್ದರು. ಮಾವ ಅದನ್ನು ಮುಟ್ಟಲಿಲ್ಲ. "ಜೀವಾ ಇತ್ತೇನು ಅದರಾಗ, ನಾ ಕೀಳುವಾಗ?" ಎಂದು ಕೇಳಿದರು. ಅತ್ತೆ ಬುಡವನ್ನು ಮತ್ತೆ ಅರಿವೆಯಲ್ಲಿ ಸುತ್ತುತ್ತ "ಇಲ್ಲ ಬಿಡ್ರಿ" ಎಂದರು. ಅದು ಖರೆಯೋ ಅಲ್ಲವೋ ನನಗೆ ಇಂದಿಗೂ ತಿಳಿಯದು.

ಬೇಸಿಗೆಯಲ್ಲಿ ಹಿನ್ನೀರು ಹಿಂದೆ ಸರಿಯುತ್ತದೆ. ಮುಳುಗಿದ ಹೊಲಗಳು ಬಿರಿದ ರಾಡಿಯಾಗಿ ಮೇಲೇಳುತ್ತವೆ. ಅತ್ತೆ ಹೊಲಕ್ಕೆ ಹೋಗಬೇಕು ಎಂದರು. ಮಾವ, ನಾನು ಜೊತೆಗೆ ಹೋದೆವು. ಬದು ಇರಲಿಲ್ಲ. ಕಲ್ಲುಗಳು ಇರಲಿಲ್ಲ, ನೀರು ಒಯ್ದಿತೋ ಯಾರಾದರೂ ಮನೆ ಕಟ್ಟಲು ಒಯ್ದರೋ. ಕಪ್ಪೆಚಿಪ್ಪು, ಹರಿದ ಬಲೆ, ಬಿರುಕುಬಿಟ್ಟ ನೆಲ, ಎಲ್ಲ ಕಡೆಯೂ ಒಂದೇ ಥರ. ನಾನು ಒಂದು ಜಾಗ ಅಂದುಕೊಂಡೆ, ನಡೆದಂತೆ ಅದು ಇನ್ನೊಂದಾಯಿತು. ಅತ್ತೆ ಅತ್ತ ಇತ್ತ ತಿರುಗಿ ಕೊನೆಗೆ ನಿಂತುಬಿಟ್ಟರು.

"ಇಲ್ಲೇ" ಎಂದರು ಮಾವ, ಒಂದು ಕಡೆ ಕೋಲು ಊರಿ.

ಅತ್ತೆ ಅವರ ಮುಖ ನೋಡಿದರು. ಎಲೆಯನ್ನು ಮಗುಚಿದ ದಿನ ಅದನ್ನು ನೋಡಿದ ಹಾಗೆಯೇ ನೋಡಿದರು.

"ಹೂಂ. ಇಲ್ಲೇ" ಎಂದರು.

ಮಾವ ಕೂತು ಕೈಯಿಂದಲೇ ನೆಲ ಕೆದರಿದರು. ಮೇಲೆ ಬಿರುಸು, ಕೆಳಗೆ ಇನ್ನೂ ಹಸಿ ಇತ್ತು. ಅತ್ತೆ ಅರಿವೆ ಬಿಚ್ಚಿ ಆ ಒಣಗಿದ ಬುಡವನ್ನು ಇಟ್ಟರು, ಕುತ್ತಿಗೆಯ ತನಕ ಮಣ್ಣು ಎಳೆದರು, ಸುತ್ತ ಬೆರಳಿನಿಂದ ಒತ್ತಿದರು, ಪ್ರತಿ ಮಳೆಗಾಲ ಮಾಡುತ್ತಿದ್ದ ಹಾಗೆ. ಆಮೇಲೆ ತಲೆ ಎತ್ತಿ ಆಕಾಶ ನೋಡಿದರು. ಎಲ್ಲೂ ಏನೂ ಇರಲಿಲ್ಲ.

"ಸ್ವಲ್ಪ ಈ ಕಡೆ ನಿಂದರ್ರಿ" ಎಂದರು ಮಾವನಿಗೆ.

ಮಾವನಿಗೆ ತಿಳಿಯಲಿಲ್ಲ. ಒಂದು ಹೆಜ್ಜೆ ಸರಿದರು.

"ಇನ್ನಷ್ಟು."

ಮತ್ತೆ ಸರಿದರು. ಅವರ ನೆರಳು ಬಂದು ಅದರ ಮೇಲೆ ಬಿತ್ತು. ಅತ್ತೆ ಸಾಕು ಎನ್ನಲಿಲ್ಲ. ಮಾವ ಅಲ್ಲಿಂದ ಅಲುಗಲಿಲ್ಲ.